ಉಪ್ಪು ಬಿಟ್ಟ ಶ್ರಾವಣ

ಎಂಟು ವರ್ಷ ನನ್ನ ತಮ್ಮನಿಗೆ ಗುಳಿಗೆ ಕೊಟ್ಟವಳು ನಾನು. ಬೆಳಿಗ್ಗೆ ನಾಷ್ಟಾ ಆದ ಮೇಲೆ ಒಂದು, ಸಂಜೆ ಕಾಗದದ ಕಾರ್ಖಾನೆಯ ಭೋಂಗಾ ಕೂಗಿ ಎಲ್ಲರ ಊಟ ಮುಗಿದ ಮೇಲೆ ಒಂದು. ಅವನು ತಾನಾಗಿ ತೆಗೆದುಕೊಳ್ಳುವವನಲ್ಲ. ಹಾಳೆಯಿಂದ ಬಿಡಿಸಿ ಅಂಗೈಯಲ್ಲಿಡಬೇಕು, ನೀರಿನ ತಂಬಿಗೆ ಮುಂದೆ ಹಿಡಿಯಬೇಕು, ನುಂಗುವ ತನಕ ಎದುರಿಗೆ ನಿಂತಿರಬೇಕು. ಅವ್ವ ಕೊಟ್ಟರೆ "ಆಮ್ಯಾಲ" ಎನ್ನುತ್ತಿದ್ದ. ನನ್ನ ಮುಂದೆ ಆ ಮಾತು ನಡೆಯುತ್ತಿರಲಿಲ್ಲ. ಅದೊಂದು ಕಷ್ಟ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ. ಅದು ನನ್ನ ಹೆಮ್ಮೆಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ದಾಂಡೇಲಿಯಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರ್, ನಿಂತ ಫ್ಯಾನ್, ಪಂಪು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮೊದಲ ಸಲ ಅವನಿಗೆ ಕಾಯಿಲೆ ಏರಿದ್ದು ಒಂದು ಬೇಸಿಗೆಯಲ್ಲಿ. ನಾಲ್ಕು ದಿನ ನಿದ್ದೆಯಿಲ್ಲದೆ, ನಗುನಗುತ್ತಾ, ಓಣಿಯ ಹನ್ನೊಂದು ಮನೆಗಳ ಫ್ಯಾನು ಬಿಚ್ಚಿ ತಂದು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದ. "ಎಲ್ಲಾರಿಗೂ ಪುಗಸಟ್ಟೆ ಹೊಸಾದ ಮಾಡಿ ಕೊಡ್ತೇನಿ" ಎಂದ. ಐದನೆಯ ದಿನ ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಅವ್ವಾರ, ನಿಮ್ಮ ಮಗಾ ನಮ್ಮ ಮನ್ಯಾನ ಗಾಳೀನ ಬಿಚಗೊಂಡ ಬಂದಾನ, ಕೊಡ್ರಿ" ಎಂದಳು. ನಕ್ಕೆವು. ಆಮೇಲೆ ನಗುವುದೇನೂ ಉಳಿಯಲಿಲ್ಲ. ಮಳೆಗಾಲ ಪೂರ್ತಿ ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಧಾರವಾಡದ ಡಾಕ್ಟರು ಅದಕ್ಕೆ ಬೈಪೋಲಾರ್ ಎಂದರು. ಮೊದಲು ಕೊಟ್ಟ ಗುಳಿಗೆಗೆ ಮೈ ಊದಿತು, ಕೂದಲು ಉದುರಿತು. ಅದನ್ನು ಬಿಡಿಸಿ ಲಿಥಿಯಂ ಕೊಟ್ಟರು. ಅದು ಹಿಡಿಯಿತು. ಕೈ ಸ್ವಲ್ಪ ನಡುಗುತ್ತಿತ್ತು, ಬಾಯಾರಿಕೆ ಹೆಚ್ಚಿತ್ತು, ಆದರೆ ನನ್ನ ತಮ್ಮ ನನಗೆ ವಾಪಸು ಸಿಕ್ಕ. ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. ಬೆಳಗಿನ ಗುಳಿಗೆ ನುಂಗುವ ಮೊದಲೇ ರಕ್ತ ಕೊಡಬೇಕಾದ್ದರಿಂದ ಗುಳಿಗೆಯನ್ನು ನನ್ನ ಚೀಲದಲ್ಲಿಟ್ಟುಕೊಂಡು ಇಬ್ಬರೂ ಮೊದಲ ಬಸ್ಸು ಹತ್ತುತ್ತಿದ್ದೆವು. ಲಿಥಿಯಂ ಬರೆದುಕೊಟ್ಟ ದಿನವೇ ಡಾಕ್ಟರು ನನ್ನನ್ನು ಕೂರಿಸಿ ಹೇಳಿದ್ದರು: "ನೀರು ಕಡಿಮಿ ಆಗಬಾರದು. ಉಪ್ಪು ಕಡಿಮಿ ಮಾಡಬಾರದು. ಉಪ್ಪು ಕಡಿಮಿ ಆತಂದ್ರ ಮೈ ಈ ಗುಳಿಗಿನ್ನ ಹೊರಗ ಬಿಡೂದಿಲ್ಲ, ಒಳಗ ಹಿಡಕೊಂಡ ಕೂಡತೈತಿ. ಆವಾಗ ಅದು ವಿಷ." ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ನೆನಪಿನ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ, ಆದರೆ ಅಂದಿನ ದಿನಚರಿಯಲ್ಲಿ ಇದು ಇದೆ, ಕೆಳಗೆ ಎರಡು ಗೀಟುಗಳೂ ಇವೆ.

ದಿನಚರಿ ಬರೆಯುವುದು ಧಾರವಾಡದಲ್ಲಿ ಇತಿಹಾಸ ಓದುವಾಗ ಹತ್ತಿದ ಚಟ. ಹಳಿಯಾಳದ ಕಾಲೇಜಿನಲ್ಲಿ ಪಾಠ ಮಾಡುವಾಗ ಮಕ್ಕಳಿಗೆ, ಬರೆದವರು ಯಾರು, ಬರೆದದ್ದರಿಂದ ಅವರಿಗೇನು ಲಾಭ ಎಂದು ಕೇಳಿ ಎನ್ನುತ್ತೇನೆ. ನನ್ನ ಪುಟಗಳಿಗೆ ಆ ಪ್ರಶ್ನೆ ಹಾಕುವ ಹೊತ್ತು ಬರುತ್ತದೆ ಎಂದುಕೊಂಡಿರಲಿಲ್ಲ.

ತಮ್ಮನಿಗೆ ಮುಂಡಗೋಡ ತಾಲೂಕಿನ ಮಳಗಿಯಿಂದ ಹೆಣ್ಣು ತಂದೆವು. ಒಕ್ಕಲುತನದ ಮನೆ, ಪಿಯುಸಿ ಓದಿದ ಹುಡುಗಿ. ಹೆಣ್ಣು ನೋಡಲು ಹೋದಾಗ ಗುಳಿಗೆಯ ವಿಷಯ ನಾನೇ ತೆಗೆದೆ. ಅವ್ವ ಪಕ್ಕದಲ್ಲಿ ಕೂತು ತೊಡೆ ಚಿವುಟಿದಳು. ಹುಡುಗಿ ಚಹಾದ ತಾಟು ಹಿಡಿದುಕೊಂಡೇ ಕೇಳಿದಳು: "ದಿನಾ ತಗೊಂಡ್ರ ಬರೋಬರಿ ಇರ್ತಾರಲ್ರಿ?"

"ಇರ್ತಾನ."

"ಮತ್ತೇನ್ರಿ. ನಮ್ಮಪ್ಪನೂ ಶುಗರಿಂದು ತಗೋತಾರ."

ಆ ದಿನ ಬರೆದಿದ್ದೇನೆ: "ಒಳ್ಳೆಯ ಹುಡುಗಿ. ನಿಶ್ಚಿಂತೆ." ಅದು ಸುಳ್ಳಲ್ಲ. ಅವಳು ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ, ಅಷ್ಟೆ.

ಮದುವೆಯಾಗಿ ತಿಂಗಳಿಗೆ ರಕ್ತದ ವರದಿಗಳ ಫೈಲನ್ನು ಅವಳಿಗೆ ಕೊಟ್ಟೆ. ಕೊಡು ಎಂದು ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಕೊಟ್ಟರೆ ದೊಡ್ಡವಳಾಗುತ್ತೇನೆ ಎಂದುಕೊಂಡೆನೇನೋ. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಯಾವ ಗುಳಿಗೆ ಎಷ್ಟು ಹೊತ್ತಿಗೆ, ರಕ್ತ ಯಾವಾಗ, ಮೈಕೈ ನೋವಿನ ಗುಳಿಗೆಯನ್ನು ಕೇಳದೆ ಕೊಡಬಾರದು. ಉಪ್ಪಿನ ವಿಷಯ ಬರೆಯಲಿಲ್ಲ. ನಮ್ಮ ಅವ್ವನ ಅಡಿಗೆ ಉಂಡವರಿಗೆ ಉಪ್ಪು ಕಡಿಮೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೇ ಬರೆದಿರಲಿಕ್ಕಿಲ್ಲ. ಈ ಒಂದು ವಿಷಯದಲ್ಲಿ ನನ್ನನ್ನು ನಾನು ನಂಬುತ್ತೇನೆ.

ಮೊದಲ ವಾರ ಅವಳು ಗುಳಿಗೆ ಕೊಡುವುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಎಡವುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅವನ ಮುಂದೆ ನಿಂತು, "ಏಳ್ರಿ, ನನ್ನ ಸವತಿ ಬಂದಾಳ. ಮೊದಲ ಆಕಿನ್ನ ಮಾತಾಡಸ್ರಿ, ಆಮ್ಯಾಲ ನನ್ನ" ಎಂದಳು. ಅವನು ಗಟ್ಟಿಯಾಗಿ ನಕ್ಕ. ನಗುತ್ತಲೇ ನುಂಗಿದ. ಎಂಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಗುಳಿಗೆಯನ್ನೂ ಅವನು ನಗುತ್ತ ತೆಗೆದುಕೊಂಡಿರಲಿಲ್ಲ. ನಾನೂ ಆ ಹೊತ್ತಿನಲ್ಲಿ ನಕ್ಕಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ನನ್ನ ಕೆಲಸಗಳು ಒಂದೊಂದೇ ಕೈಬಿಟ್ಟು ಹೋದವು. ಸಣ್ಣ ತಂತಿ ಸುತ್ತುವಾಗ ಅವನ ಕೈ ನಡುಗುತ್ತದೆ ಎಂದು ಅವಳು ಮಧ್ಯಾಹ್ನ ಅಂಗಡಿಗೆ ಹೋಗಿ ಕೂರತೊಡಗಿದಳು. ಆರು ತಿಂಗಳಲ್ಲಿ ಟೇಬಲ್ ಫ್ಯಾನಿನ ಸುರುಳಿಯನ್ನು ಅವಳೇ ಸುತ್ತುವಷ್ಟು ಕಲಿತಳು. ಅವನು ನಡುಗುವ ಬೆರಳು ಮಡಿಸಿ ಸುತ್ತು ಎಣಿಸುತ್ತಾನೆ, ಅವಳು ಸುತ್ತುತ್ತಾಳೆ. ನಾನು ಕಾಲೇಜಿನಿಂದ ಬರುವಾಗ ಅಂಗಡಿಯ ಮುಂದೆ ಹಾದುಬರುತ್ತಿದ್ದೆ. ಎಂಟು ವರ್ಷ ಆ ನಡುಕವನ್ನು ದೂರು ಎಂದು ಡಾಕ್ಟರಿಗೆ ಒಪ್ಪಿಸಿದ್ದೆನೇ ಹೊರತು, ಪಕ್ಕದಲ್ಲಿ ಕೂತು ತಂತಿಯ ಇನ್ನೊಂದು ತುದಿ ಹಿಡಿಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಎಂ.ಎ. ಮಾಡಿದವಳಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು ಎಂಬ ಸಂಕಟ ಬೇರೆ.

ಅವ್ವ ಓಣಿಯವರ ಮುಂದೆ "ಸೊಸಿ ಕೈಗುಣ ಭಾಳ ಚಲೋ ನೋಡ್ರಿ" ಎನ್ನತೊಡಗಿದಳು. ಒಂದು ದಿನ ನಾನು ಅಂದೆ, "ಕೈಗುಣ ಅಲ್ಲಬೇ, ಗುಳಿಗಿ ಗುಣ."

"ಗುಳಿಗಿ ಮೊದಲೂ ಇತ್ತಲ್ಲ" ಎಂದಳು ಅವ್ವ, ರೊಟ್ಟಿ ಬಡಿಯುತ್ತ. ಅವಳು ಚುಚ್ಚಬೇಕೆಂದು ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಧಾರವಾಡಕ್ಕೂ ಈಗ ಅವರಿಬ್ಬರೇ. ಒಮ್ಮೆ ಬಂದು ತಮ್ಮ ಹೇಳಿದ: "ಅಕ್ಕಾ, ಡಾಕ್ಟರ ಇವಳಿಗೆ ಅಂದ್ರು, ಭಾಳ ಚಲೋ ನೋಡ್ಕೊಂಡೀರಿ ಅಂತ." ಅವರು ನನಗೂ ಎಂದಾದರೂ ಹಾಗೆ ಅಂದಿದ್ದಾರೆಯೇ ಎಂದು ಆ ಸಂಜೆ ಎಂಟು ವರ್ಷದ ದಿನಚರಿಗಳನ್ನು ತೆಗೆದು ಹುಡುಕಿದೆ. ಹುಡುಕಿದೆ ಎನ್ನುವುದನ್ನು ಮಾತ್ರ ಬರೆದಿಡಲಿಲ್ಲ.

ಈ ವರ್ಷದ ಶ್ರಾವಣಕ್ಕೆ ಬರುತ್ತೇನೆ.

ಅವಳ ತವರಿನಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ, ಗಂಡಹೆಂಡತಿ ಜೊತೆಯಾಗಿ ಶ್ರಾವಣ ತಿಂಗಳು ಪೂರ್ತಿ ಉಪ್ಪು ಬಿಡುತ್ತಾರೆ. ಸಪ್ಪೆ ರೊಟ್ಟಿ, ಹಾಲು, ಬೆಲ್ಲ, ಬೇಯಿಸಿದ ಕಾಳು. ಕಡೆಯ ಸೋಮವಾರ ಶಿವನ ಗುಡಿಗೆ ಉಪ್ಪು ಕೊಟ್ಟು ಮತ್ತೆ ಶುರು ಮಾಡುತ್ತಾರೆ. ಮದುವೆಯಾಗಿ ಎರಡು ವರ್ಷ ತಮ್ಮನ ಮನಸ್ಸು ಒಮ್ಮೆಯೂ ಏರಲಿಲ್ಲ, ಇಳಿಯಲಿಲ್ಲ. ಅವಳು ಹರಕೆ ಹೊತ್ತಿದ್ದಳು.

ನನಗೆ ನೆನಪಿರುವುದು ಹೀಗೆ. ಜೋರು ಮಳೆ. ನಾನು ಬಸ್ಸಿಗೆ ಹೊರಟು ಛತ್ರಿ ಬಿಚ್ಚುತ್ತಿದ್ದೆ. ಅವಳು ಹಿಂದೆ ಬಂದು ಕೇಳಿದಳು: "ಅಕ್ಕಾರ, ನಾಳಿಂದ ನಾವಿಬ್ಬರೂ ಉಪ್ಪ ಬಿಡಬೇಕಂತ ಮಾಡೀವಿ. ಗುಳಿಗಿಗೇನೂ ತ್ರಾಸ ಇಲ್ಲಲ್ರಿ?"

ನಾನು ಅವಳ ಮುಖ ನೋಡಲಿಲ್ಲ. "ಗುಳಿಗಿ ವಿಷಯ ಈಗ ನನಗಿಂತ ನಿನಗ ಹೆಚ್ಚ ಗೊತ್ತಲ್ಲ ತಂಗಿ" ಎಂದೆ. ಹೊರಟೆ.

ಅಷ್ಟೇ. ಆ ಗಳಿಗೆಯಲ್ಲಿ ಡಾಕ್ಟರ ಮಾತು ನನಗೆ ನೆನಪಾಯಿತೇ? ನೆನಪಾಗಿಯೂ ಹೇಳಲಿಲ್ಲವೇ? ಬಸ್ಸಿನಲ್ಲಿ ಕೂತಾಗ ನೆನಪಾಗಿ, ಸಂಜೆ ಹೇಳೋಣ ಎಂದುಕೊಂಡು, ಸಂಜೆ ಅವರಿಬ್ಬರೂ ಒಂದೇ ತಾಟಿನಲ್ಲಿ ಸಪ್ಪೆ ಊಟ ಮಾಡಿ ಒಬ್ಬರನ್ನೊಬ್ಬರು ಅಣಕಿಸುವುದನ್ನು ಕಂಡು ಬಾಯಿ ಕಟ್ಟಿತೇ? ದಿನಚರಿಯಲ್ಲಿ ಆ ದಿನ ಇರುವುದು: "ಮಳೆ. ಬಸ್ಸು ತಡ. ಎರಡನೆಯ ತರಗತಿ ತಪ್ಪಿತು." ಅವ್ವ ಯಾವ ಪಲ್ಯ ಮಾಡಿದಳು ಎಂಬುದನ್ನೂ ಬರೆಯುವವಳು ನಾನು. ಇದನ್ನು ಬರೆಯಲಿಲ್ಲ.

ಪಂಚಮಿಗೆ ಅವಳು ತವರಿಗೆ ಹೋಗಲಿಲ್ಲ, ಉಪ್ಪು ಬಿಟ್ಟವರು ಮನೆ ಬಿಡಬಾರದು ಎಂದು. ಎರಡನೆಯ ಸೋಮವಾರದ ಹೊತ್ತಿಗೆ ತಮ್ಮನ ಕೈ ಹೆಚ್ಚು ನಡುಗುತ್ತಿತ್ತು. ಮೂರನೆಯ ವಾರ ಅವನಿಗೆ ಭೇದಿ ಶುರುವಾಯಿತು. ಮಳೆಗಾಲದ ನೀರು ಎಂದುಕೊಂಡರು. ಅಂಗಡಿಯಿಂದ ಬರುವಾಗ ಗೋಡೆ ಹಿಡಿದು ನಡೆದ. ಓಣಿಯವನೊಬ್ಬ "ಏನೋ ಮಾರಾಯಾ, ಶ್ರಾವಣದಾಗ ಕುಡಿಯಾಕ ಹತ್ತೀಯಲ್ಲ!" ಎಂದು ನಕ್ಕ. ಅವಳು ಹೆದರಿ, ಹರಕೆಯಲ್ಲಿ ಏನೋ ಲೋಪವಾಗಿದೆ ಎಂದು ಹಾಲಿಗೆ ಬೆಲ್ಲ ಹಾಕುವುದನ್ನೂ ಬಿಟ್ಟಳು.

ಭಾನುವಾರ ಮಧ್ಯಾಹ್ನ ಅವನು ನನ್ನನ್ನು "ಅಕ್ಕಾ" ಎಂದು ಕರೆದ. ನಾಲಿಗೆ ತೊದಲಿತು. ತಾಟು ಕೈಯಿಂದ ಜಾರಿತು. ಆಗ ನಾನು ಕೂಗಿದ್ದು ಅವ್ವನಿಗೆ ನೆನಪಿದೆ, ನನಗಿಲ್ಲ. "ಉಪ್ಪು, ಉಪ್ಪು" ಎಂದು ಕೂಗಿದೆನಂತೆ.

ಬಾಡಿಗೆ ಕಾರಿನಲ್ಲಿ ಹಳಿಯಾಳ ದಾಟಿ ಧಾರವಾಡಕ್ಕೆ ಹೋದೆವು. ರಕ್ತದಲ್ಲಿ ಲಿಥಿಯಂ ಏರಿತ್ತು. ಗುಳಿಗೆ ನಿಲ್ಲಿಸಿ ಸಲೈನ್ ಹಚ್ಚಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಎರಡು ದಿನ ನೋಡಬೇಕು ಎಂದರು. ಡಾಕ್ಟರು ಏನೇನು ಉಂಡ ಎಂದು ಕೇಳಿದಾಗ ಅವಳು ಎಲ್ಲವನ್ನೂ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ಉಪ್ಪಿಂದು ನಿಮಗ ಹೇಳಿದ್ದೆನಲ್ರಿ ಅಕ್ಕಾರ? ಇವರಿಗೆ ಹೇಳಿರಲಿಲ್ಲೇನು?"

"ಹೇಳಿದ್ದೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತ್ತು. ಏನೋ ಹುಡುಕುವವರ ಹಾಗೆ. ಆಮೇಲೆ "ನಂದ ತಪ್ಪರೀ ಸರ್, ಮರತಿರಬೇಕು" ಎಂದಳು.

ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ದಿನಚರಿಯಲ್ಲಿ ಬರೆದೆ: "ನಾನು ಹೇಳಿದ್ದೆ. ಅವಳು ಮರೆತಳು." ಶಾಯಿಯಲ್ಲಿ, ನನ್ನ ಚೊಕ್ಕ ಅಕ್ಷರದಲ್ಲಿ.

ಅವನು ಬದುಕಿದ. ಮೂತ್ರಪಿಂಡಗಳು ಉಳಿದವು. ಆರು ದಿನಕ್ಕೆ ಮನೆಗೆ ಬಂದೆವು. ಲಿಥಿಯಂ ಮತ್ತೆ ಶುರುವಾಯಿತು, ಮೊದಲಿಗಿಂತ ಕಡಿಮೆ. ಮನೆಗೆ ಬಂದ ದಿನ ಅವಳು ಫೈಲು ತಂದು ನನ್ನ ಮಂಚದ ಮೇಲಿಟ್ಟಳು.

"ನೀವ ಕೊಡ್ರಿ ಅಕ್ಕಾರ. ನನ್ನ ಕೈ ಬ್ಯಾಡ. ನನ್ನ ತಲ್ಯಾಗ ಏನೂ ನಿಲ್ಲೂದಿಲ್ಲ."

ಎರಡು ವರ್ಷ ನಾನು ಬಯಸಿದ್ದು ಅದೇ. ಆ ಸಂಜೆ ಗುಳಿಗೆ ಬಿಡಿಸಿ ಅವನ ಅಂಗೈಯಲ್ಲಿಟ್ಟೆ. ಅವನು ನನ್ನ ಹಿಂದಿನ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಅವಳು ಅಲ್ಲಿ ಇರಲಿಲ್ಲ. ನುಂಗಿದ. ಅವನು ಅವಳನ್ನು ಹುಡುಕಿದ ಆ ನೋಟಕ್ಕೂ ನನಗೆ ಹೊಟ್ಟೆಯಲ್ಲಿ ಉರಿಯಿತು ಎಂದರೆ ನಂಬುವಿರಾ? ಸಾವಿನ ಬಾಯಿಂದ ಬಂದವನ ಮುಂದೆ ನಿಂತು ನಾನು ಎಣಿಸುತ್ತಿದ್ದದ್ದು ಅವನು ಯಾರ ಕಡೆ ನೋಡಿದ ಎಂಬುದನ್ನು.

ಅದಾಗಿ ವಾರದಲ್ಲಿ ಮಳಗಿಯಿಂದ ಅವಳ ಅಪ್ಪ ಬಂದರು. ಪಂಚಮಿಗೆ ಕೊಡಬೇಕಾಗಿದ್ದ ಸೀರೆ, ಶೇಂಗಾದ ಉಂಡಿ ತಂದಿದ್ದರು. ಮಗಳು ಸೊರಗಿದ್ದನ್ನು ಕಂಡು "ನಾಕ ದಿನಾ ಕರಕೊಂಡ ಹೋಗ್ತೇನ್ರಿ" ಎಂದರು. ಮಗಳು ಒಳಗೆ ಅವ್ವನ ಮುಂದೆ ಅಂದದ್ದು ಬೇರೆ: "ನಾ ಅಲ್ಲೇ ಇರ್ತೇನ್ರಿ ಅತ್ತಿ. ನನ್ನ ಕೈಯಾಗಿದ್ರ ಇವರ ಉಳಿಯೂದಿಲ್ಲ." ಅವಳು ಹಿಂದಿರುಗುವ ಮಾತು ಆಡುತ್ತಿರಲಿಲ್ಲ. ತಮ್ಮ ಪಡಸಾಲೆಯಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಗಿಮಾಡುವುದು, ಸಡಿಲಮಾಡುವುದು ಮಾಡುತ್ತಿದ್ದ. ಡಾಕ್ಟರು ನನಗೆ ಕಲಿಸಿದ್ದ ಲಕ್ಷಣಗಳಲ್ಲಿ ಅದೂ ಒಂದು: ಮನಸ್ಸು ಇಳಿಯತೊಡಗಿದಾಗ ಕೈಗೆ ಒಂದೇ ಕೆಲಸ.

ಇಷ್ಟರಲ್ಲಿ ನನಗೆ ಒಂದು ನೆನಪು ಹುಟ್ಟಿತ್ತು. ಹುಟ್ಟಿತ್ತು ಎಂದೇ ಹೇಳಬೇಕು. ನಾನು ಅವಳಿಗೆ ಉಪ್ಪಿನ ವಿಷಯ ಹೇಳುತ್ತಿರುವ ನೆನಪು. ಅಡಿಗೆಮನೆ, ಅವಳು ಒಲೆಯ ಹತ್ತಿರ, ನಾನು ಬಾಗಿಲಿಗೆ ಒರಗಿ "ಉಪ್ಪ ಮಾತ್ರ ಬಿಡಿಸಬ್ಯಾಡ ನೋಡು" ಎನ್ನುತ್ತಿದ್ದೇನೆ. ಅವಳು ತಲೆಯಾಡಿಸುತ್ತಾಳೆ. ಅವಳು ಉಟ್ಟ ಸೀರೆಯ ಅಂಚೂ ಕಾಣುತ್ತಿತ್ತು, ಹಸಿರು ಮೈಗೆ ಕೆಂಪು ಅಂಚು. ದಿನಚರಿಯೂ ಅದನ್ನೇ ಹೇಳುತ್ತಿತ್ತು. ಇನ್ನು ಹತ್ತು ದಿನ ಹೋಗಿದ್ದರೆ ನಾನು ದೇವರ ಮುಂದೆ ಆಣೆ ಮಾಡುತ್ತಿದ್ದೆ.

ಹೊರಡುವ ಬೆಳಿಗ್ಗೆ ಅವಳು ಅಪ್ಪ ತಂದ ಸೀರೆ ಉಟ್ಟು ಹೊರಬಂದಳು. ಹಸಿರು ಮೈ, ಕೆಂಪು ಅಂಚು.

ಅವರು ಆ ಸೀರೆ ತಂದು ಎರಡು ದಿನವಾಗಿತ್ತು. ನಾನು ಅವಳಿಗೆ ಹೇಳಿದೆನೆಂಬುದು ಶ್ರಾವಣಕ್ಕೂ ಮೊದಲಿನ ಮಾತು. ಆ ನೆನಪಿನಲ್ಲಿ ಈ ಸೀರೆ ಹೇಗೆ ಅವಳ ಮೈಮೇಲಿತ್ತು? ಪಾಠ ಮಾಡುವಾಗ ಇಂಥದ್ದನ್ನು ತೋರಿಸಿ, ಖೊಟ್ಟಿ ದಾಖಲೆ ಹೀಗೇ ಸಿಕ್ಕಿಬೀಳುತ್ತದೆ ಎಂದು ಮಕ್ಕಳನ್ನು ನಗಿಸುತ್ತೇನೆ.

ಬೀಗರು ಚಹಾ ಕುಡಿಯುತ್ತಿದ್ದರು. ನಾನು ಎಲ್ಲರ ನಡುವೆ ನಿಂತು ಹೇಳಿದೆ: "ನಾ ಆಕಿಗೆ ಹೇಳಿರಲಿಲ್ಲ."

"ಏನ ಹೇಳಿರಲಿಲ್ಲ?" ಎಂದಳು ಅವ್ವ.

"ಉಪ್ಪಿಂದು. ಆಕಿ ಕೇಳಿದ್ಲು. ನಾ ಹೇಳಲಿಲ್ಲ. ದವಾಖಾನ್ಯಾಗ ಸುಳ್ಳ ಹೇಳಿದೆ."

ತಮ್ಮ ಚಪ್ಪಲಿ ಕೆಳಗಿಟ್ಟ. "ನನ್ನ ಮ್ಯಾಲ ಏನರ ಸಿಟ್ಟಿತ್ತೇನಕ್ಕಾ?"

"ಇಲ್ಲೋ."

"ಮತ್ತ?"

"ಆಕಿ ಮ್ಯಾಲ." ಅವನಿಟ್ಟ ಚಪ್ಪಲಿ ನೋಡುತ್ತ ಅಂದೆ: "ಹೊಟ್ಟಿಕಿಚ್ಚು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬೀಗರು ಚಹಾದ ಬಶಿಯನ್ನು ಮೆಲ್ಲಗೆ ಕೆಳಗಿಟ್ಟು, "ಹೋಗಲಿ ಬಿಡ್ರಿ ಅಕ್ಕಾರ, ಮನಿ ಅಂದ ಮ್ಯಾಲ..." ಎಂದು ಶುರು ಮಾಡಿದರು.

"ಹೋಗಲಿ ಬಿಡ್ರಿ ಅನಬ್ಯಾಡಪ್ಪಾ" ಎಂದಳು ಅವಳು. ಅಷ್ಟು ಗಟ್ಟಿಯಾದ ದನಿಯನ್ನು ಆ ಮನೆಯಲ್ಲಿ ಅವಳಿಂದ ಯಾರೂ ಕೇಳಿರಲಿಲ್ಲ. "ಅವರ ಜೀವಾ ಹೋಗತಿತ್ತು." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಹೇಳಿದ್ದೆ ಅಂದ್ರಿ. ಓದಿದವರು, ಬರದ ಇಟ್ಟಕೊಳ್ಳೋರು. ನಾನ ಮರತೆ ಅಂದಕೊಂಡೆ. ಅವತ್ತಿಂದ ಒಲಿ ಆರಿಸೀನೋ ಇಲ್ಲೋ ಅಂತ ಮೂರ ಸಲ ನೋಡಾಕತ್ತೀನಿ. ನನ್ನ ತಲೀನ ನನಗ ನಂಬದಂಗ ಮಾಡಿದ್ರಿ ನೀವು."

ಬೇಕೆಂದೇ ಹೇಳಲಿಲ್ಲವೋ, ಆ ಗಳಿಗೆಗೆ ಮರೆತೆನೋ ನನಗೇ ಗೊತ್ತಿಲ್ಲ ಎಂದು ಹೇಳಬೇಕೆನ್ನಿಸಿತು. ಅದು ನಿಜವೂ ಹೌದು. ಆದರೆ ಅವಳ ಮುಂದೆ ಅದನ್ನು ಇಟ್ಟರೆ ಅವಳೇ ನನಗೆ ತೀರ್ಪು ಕೊಡಬೇಕಾಗುತ್ತಿತ್ತು.

ಅವಳು ನನ್ನ ಕೋಣೆಗೆ ಹೋದಳು. ಫೈಲು ತಂದಳು. "ನೀ ಹೋಗಪ್ಪಾ. ನಾ ಬರೂದಿಲ್ಲ" ಎಂದಳು. ಬೆಳಗಿನ ಗುಳಿಗೆಯ ಹೊತ್ತಾಗಿತ್ತು. ಅವಳೇ ಬಿಡಿಸಿ ಕೊಟ್ಟಳು. ಯಾರೂ ನಗಲಿಲ್ಲ.

ಅವಳು ನನ್ನನ್ನು ಕ್ಷಮಿಸಿದಳು ಎಂದು ಬರೆಯಲಾರೆ. "ಅಕ್ಕಾರ" ಎನ್ನುವುದನ್ನು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ. ನಾನು ಏನಾದರೂ ಹೇಳಿದರೆ, ಒಂದು ಕ್ಷಣ ತಡೆದು, ಅವ್ವನನ್ನು ಕೇಳುತ್ತಾಳೆ. ದಿನಚರಿಯ ಆಸ್ಪತ್ರೆಯ ಪುಟವನ್ನು ನಾನು ಹರಿಯಲಿಲ್ಲ. ಕೆಳಗೆ "ಇದು ಸುಳ್ಳು" ಎಂದು ಬರೆದು ಸಹಿ ಮಾಡಿದೆ.

ಕಳೆದ ವಾರ ರಕ್ತ ತೋರಿಸುವ ದಿನವಿತ್ತು. ಧಾರವಾಡದ ಬಸ್ಸು ಹಳಿಯಾಳದ ಮೇಲೇ ಹೋಗುವುದರಿಂದ ಮೂವರೂ ಒಂದೇ ಬಸ್ಸು ಹತ್ತಿದೆವು. ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾನು ಎರಡು ಸೀಟು ಹಿಂದೆ. ಬೆಳಗಿನ ಗುಳಿಗೆ ಅವಳ ಚೀಲದಲ್ಲಿತ್ತು. ತೇರಗಾಂವ ದಾಟುವಾಗ ಅವನು ಅವಳ ಹೆಗಲ ಮೇಲೆ ನಿದ್ದೆಹೋದ. ನನ್ನ ಹೆಗಲ ಮೇಲೂ ಹಾಗೆ ಮಲಗುತ್ತಿದ್ದನೇ? ಮಲಗುತ್ತಿದ್ದ ಎಂದು ನೆನಪು. ನಂಬುವುದೋ ಬಿಡುವುದೋ.

ಹಳಿಯಾಳದಲ್ಲಿ ನಾನು ಇಳಿದೆ. ಅವಳು ಕಿಟಕಿಯಿಂದ "ಫೋನ್ ಮಾಡ್ತೇನ್ರಿ" ಎಂದಳು. ಅಷ್ಟೇ ಅಂದಳು.

ಮಧ್ಯಾಹ್ನದ ತರಗತಿಯಲ್ಲಿ ಮೊದಲ ಬಾರಿಗೆ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಪಾಠ ಮಾಡಿದೆ. ಮೂರು ಗಂಟೆಗೆ ಅವಳ ಕರೆ ಬಂತು. ನಾನು ಹೊರಗೆ ಹೋಗಿ ಎತ್ತಿದೆ.

"ಎಲ್ಲಾ ಬರೋಬರಿ ಐತ್ರಿ ಅಕ್ಕಾರ. ಕಿಡ್ನಿನೂ ಚಲೋ ಐತಿ. ಇಷ್ಟ ಡೋಸ ಸಾಕು ಅಂದ್ರು."

"ಚಲೋ ಆತು" ಎಂದೆ. ಇನ್ನೇನೋ ಹೇಳಬೇಕಿತ್ತು. ಅಷ್ಟರಲ್ಲಿ ಅವಳೇ ಅಂದಳು, "ಮಳಗಿಗೂ ತಿಳಿಸೀನ್ರಿ."

ಮಳಗಿಗೆ ಮೊದಲು ಮಾಡಿ ಆಮೇಲೆ ನನಗೆ ಮಾಡಿದಳೇ? ಕೇಳಲು ಬಾಯಿಗೆ ಬಂದಿತ್ತು. ಕೇಳಲಿಲ್ಲ. ತರಗತಿಗೆ ವಾಪಸು ಹೋಗಿ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮಕ್ಕಳನ್ನು ಕೇಳಿದೆ. ಅವರು ಹೇಳಿದರು. ಅಲ್ಲಿಂದ ಮುಂದುವರಿಸಿದೆ.